ಕರ್ಚೀಫಿನ ಕೆಂಪು

ಮೊದಲೇ ಹೇಳಿಬಿಡುತ್ತೇನೆ, ನಾನು ಬೀಡಿ ಸೇದಿದವನಲ್ಲ. ಸಿಗರೇಟು, ಗುಟ್ಕಾ, ಎಲೆಅಡಿಕೆ, ಹೆಂಡ ಒಂದೂ ಇಲ್ಲ. ಇದನ್ನು ಹೇಳದಿದ್ದರೆ ನೀವು ಮುಂದಕ್ಕೆ ಓದುವುದಿಲ್ಲ ಎಂಬುದು ನನಗೆ ಗೊತ್ತು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜನ ರೋಗಿಯ ತಪ್ಪು ಹುಡುಕುತ್ತಾರೆ. ಸಿಕ್ಕಿತೋ, ಸದ್ಯ ನಾವು ಅದನ್ನು ಮಾಡಿಲ್ಲ ಎಂದು ನೆಮ್ಮದಿಯಾಗಿ ಚಹಾ ಕುಡಿಯುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದ, ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದ ಒಬ್ಬಾತ ಮೊದಲ ದಿನವೇ ಹಿಂದಿಯಲ್ಲಿ ಕೇಳಿದ, ನೀವು ಏನು ತಿನ್ನುತ್ತಿದ್ದಿರಿ ಎಂದು. ಕಟ್ಟಿಗೆ ಎಂದೆ. ಆತ ಒಂದು ಕುರ್ಚಿ ಬಿಟ್ಟು ಸರಿದು ಕೂತ.

ಸುಳ್ಳೇನೂ ಹೇಳಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಗದಗಿನಿಂದ ಹೈದರಾಬಾದಿಗೆ ಬಂದು, ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಕಟ್ಟಿಗೆ ಕೆತ್ತಿದ್ದೇನೆ. ಯಾವುದೇ ಲೋಹದ ಭಾಗವನ್ನು ಎರಕ ಹೊಯ್ಯುವ ಮೊದಲು ಅದರ ಮಾದರಿಯನ್ನು ಕಟ್ಟಿಗೆಯಲ್ಲಿ ಮಾಡಬೇಕು. ಅದು ನನ್ನ ಕೆಲಸ. ನಿವೃತ್ತಿಯ ನಂತರ ಕಾಚಿಗೂಡದ ನಮ್ಮ ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಕೀಸುಳಿಗಳನ್ನು ರಿಪೇರಿ ಮಾಡುತ್ತ ಕೂತೆ. ಬರೆಯುವಾಗ ಕೀಸುಳಿ ಎನ್ನುತ್ತೇನೆ, ಬಾಯಲ್ಲಿ ಬರುವುದು ರಂದಾ ಎಂದೇ. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದ ವಿಲಾಯತಿ ರಂದಾಗಳನ್ನು ತಂದು, ತುಕ್ಕು ಕೆರೆದು, ತಳ ಸಮ ಮಾಡಿ, ಅಲಗು ಮಸೆದು, ಮುರಿದ ಹಿಡಿಕೆಯ ಜಾಗಕ್ಕೆ ಹೊಸ ಹಿಡಿಕೆ ಕೂರಿಸುತ್ತಿದ್ದೆ. ಸಾಗುವಾನಿಯ ಹಿಡಿಕೆ ಅಲ್ಲ. ಆಫ್ರಿಕಾದ ಕೆಂಪು ಪಡೂಕ್, ಅಮೆರಿಕದ ಕಡೆಯ ಕೊಕೊಬೋಲೋ, ಕಲ್ಲಿನಷ್ಟು ಗಟ್ಟಿಯಾದ ಎಬೊನಿ. ಗಚ್ಚಿಬೌಲಿಯ ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿಯರು ಬಂದು, ಬೇಕಾದ ಕಟ್ಟಿಗೆ ಹೇಳಿ ಮಾಡಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಅರ್ಧ ಜನ ಅದನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರೆಂದು ತಿಳಿದಾಗ ನನ್ನ ಮೈ ಉರಿದಿತ್ತು. ಕಪಾಟೇಕೆ, ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚು ಎಂದು ಒಬ್ಬನಿಗೆ ಮುಖದ ಮೇಲೆ ಹೇಳಿದ್ದೆ.

ರಂದಾ ಹೊಡೆದರೆ ಸುರುಳಿ ಬರುತ್ತದೆ, ಅದರಿಂದ ಏನೂ ತೊಂದರೆಯಿಲ್ಲ. ಹಿಡಿಕೆಗೆ ಅರ ಹಾಕಿ ಪಾಲಿಶ್ ಪೇಪರ್ ಉಜ್ಜುವಾಗ ಬರುತ್ತದಲ್ಲ ಪುಡಿ, ಹಿಟ್ಟಿಗಿಂತ ನುಣುಪು, ಅದು ಗಾಳಿಯಲ್ಲೇ ನಿಂತುಬಿಡುತ್ತದೆ. ನನ್ನ ಹೆಂಡತಿ ಅನಸೂಯಾ ಮೂರು ಸಲ ಮಾಸ್ಕ್ ತಂದುಕೊಟ್ಟಿದ್ದಳು. ಮೂರೂ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಮೂಗು ಮುಚ್ಚಿಕೊಂಡರೆ ವಾಸನೆ ಹೇಗೆ ಬರಬೇಕು? ನಾನು ಕಟ್ಟಿಗೆಯನ್ನು ಮೂಸಿ ಗುರುತಿಸುವವನು. ಕಣ್ಣು ಮುಚ್ಚಿಸಿ ಒಂದು ಸುರುಳಿ ಕೈಗೆ ಕೊಟ್ಟರೆ, ಬೀಟೆಯೋ ಸೀಸಮ್ಮೋ, ಹಸಿಯೋ ಒಣಗಿದ್ದೋ ಹೇಳಿಬಿಡುತ್ತಿದ್ದೆ. ಬಂದವರ ಮುಂದೆಲ್ಲ ಈ ಆಟ ಆಡಿ ತೋರಿಸುತ್ತಿದ್ದೆ. ಅದರ ಜಂಬ ನನಗೆ ಭಾರೀ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಆ ವಾಸನೆ ಯಾವಾಗ ಹೋಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ, ಮನೆಯ ಸಾರಿಗೆ ರುಚಿಯಿಲ್ಲ. ಅನಸೂಯಾಗೆ ಒಗ್ಗರಣೆ ಹಾಕಲು ಬರುವುದಿಲ್ಲ ಎಂದು ಕೂಗಾಡಿದೆ. ಮೂವತ್ತು ವರ್ಷ ಅದೇ ಒಗ್ಗರಣೆ ತಿಂದು ಹೊಟ್ಟೆ ಬೆಳೆಸಿದವನು ನಾನು. ಆಮೇಲೆ ಇಂಗಿನ ಮೇಲೆ ಅನುಮಾನ ಬಂತು. ಬೇಗಂ ಬಜಾರಿಗೆ ಹೋಗಿ, ಇಪ್ಪತ್ತು ವರ್ಷದಿಂದ ಕೊಳ್ಳುತ್ತಿದ್ದ ಅಂಗಡಿಯವನ ಮುಂದೆ ಇಂಗಿನ ಡಬ್ಬಿ ಕುಕ್ಕಿ, ಮೈದಾ ಮಾರುತ್ತೀಯಾ ಎಂದು ಜಗಳಕ್ಕೆ ನಿಂತೆ. ಆತ ಡಬ್ಬಿ ಮುಚ್ಚಳ ತೆಗೆದು ಮೂಸಿದ. ಪಕ್ಕದಲ್ಲಿ ನಿಂತಿದ್ದ ಗಿರಾಕಿಗೂ ಮೂಸಿಸಿದ. ಇಬ್ಬರೂ ನನ್ನ ಮುಖ ನೋಡಿದರು. ನಾನು ಡಬ್ಬಿ ಅಲ್ಲೇ ಬಿಟ್ಟು, ಬೇರೆ ಅಂಗಡಿಯಲ್ಲಿ ಇನ್ನೊಂದು ಕೊಂಡು ತಂದೆ. ಅದಕ್ಕೂ ವಾಸನೆ ಇರಲಿಲ್ಲ. ಊರಿನ ಇಂಗೆಲ್ಲ ಕಲಬೆರಕೆಯಾಗಿದೆ ಎಂದು ನಂಬಿದೆನೇ ಹೊರತು ನನ್ನ ಮೂಗಿನ ಮೇಲೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಅದೇ ಹೊತ್ತಿಗೆ ಕರ್ಚೀಫಿನಲ್ಲಿ ಕೆಂಪು ಕಾಣಿಸಿತು.

ಆಗ ನಾನು ಪಡೂಕ್ ಹಿಡಿಕೆಗಳನ್ನೇ ಮಾಡುತ್ತಿದ್ದೆ. ಪಡೂಕಿನ ಪುಡಿ ಹೇಗಿರುತ್ತದೆಂದರೆ, ಕುಂಕುಮ ಚೆಲ್ಲಿದ ಹಾಗೆ. ಅಂಗಿ, ಉಗುರು, ಕಿವಿಯ ಸಂದಿ ಎಲ್ಲ ಕೆಂಪು. ಬೆಳಿಗ್ಗೆ ಮೂಗು ಒರೆಸಿಕೊಂಡಾಗ ಕರ್ಚೀಫಿನಲ್ಲಿ ಕೆಂಪು ಬಂದರೆ ಅದರಲ್ಲಿ ವಿಶೇಷವೇನು? ಎಡ ಹೊಳ್ಳೆಯಿಂದ ಮಾತ್ರ ಏಕೆ ಬರುತ್ತದೆ ಎಂದು ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

ಆಷಾಢದ ಒಂದು ಭಾನುವಾರ. ಹೊರಗೆ ಬೋನಾಲು ಹಬ್ಬದ ಡೋಲು ಕೇಳುತ್ತಿತ್ತು. ಅನಸೂಯಾ ಎರಡು ಸ್ಟೀಲಿನ ಮಗ್ಗು ತಂದು ನನ್ನ ಕೆಲಸದ ಮೇಜಿನ ಮೇಲಿಟ್ಟಳು. ಎರಡರಲ್ಲೂ ಉಪ್ಪು ಹಾಕಿದ ತಣ್ಣೀರು. ಒಂದರಲ್ಲಿ ನಾನು ಕೈ ಒರೆಸುವ ಬಟ್ಟೆ, ಇನ್ನೊಂದರಲ್ಲಿ ನನ್ನ ಕರ್ಚೀಫು. ಕೈ ಒರೆಸುವ ಬಟ್ಟೆಯ ಕೆಂಪು ಹಾಗೇ ಇತ್ತು, ನೀರು ತಿಳಿಯಾಗಿತ್ತು. ಕರ್ಚೀಫು ಬೆಳ್ಳಗಾಗಿತ್ತು, ನೀರು ಕೆಂಪಾಗಿತ್ತು.

"ಇದು ಕಟ್ಟಿಗೀದಲ್ಲರಿ," ಎಂದಳು.

"ಕಟ್ಟಿಗಿ ಬಗ್ಗೆ ನಿನಗೇನು ಗೊತ್ತೈತಿ?"

"ಕಟ್ಟಿಗಿ ನಿಮಗ ಗೊತ್ತಿರಬಹುದು. ರಕ್ತ ತೊಳಿಯೂದು ನನಗ ಹದಿಮೂರನೇ ವರ್ಷದಿಂದ ಗೊತ್ತೈತಿ."

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು, ಇದನ್ನು ಬರೆಯಲು ಕೂತದ್ದೇ ಇದಕ್ಕೆ. ಪಡೂಕಿನ ಬಣ್ಣ ನೀರಿನಲ್ಲಿ ಬಿಡುವುದಿಲ್ಲ, ಸ್ಪಿರಿಟ್ಟಿನಲ್ಲಿ ಮಾತ್ರ ಬಿಡುತ್ತದೆ. ಇದು ನನಗೆ ಗೊತ್ತಿತ್ತು. ಪಡೂಕಿನ ಹಿಡಿಕೆ ಕೊಂಡವರಿಗೆಲ್ಲ, ಸ್ಪಿರಿಟ್ ಹಾಕಿ ಒರೆಸಬೇಡಿ, ಬಣ್ಣ ಹರಿಯುತ್ತದೆ ಎಂದು ನಾನೇ ಹೇಳಿ ಕಳಿಸುತ್ತಿದ್ದೆ. ಅವಳು ಮೇಜಿನ ಮೇಲಿಟ್ಟದ್ದು ನನ್ನದೇ ವಿದ್ಯೆ. ನೋಡಿದ ಕ್ಷಣವೇ ನನಗೆ ಅರ್ಥವಾಗಿತ್ತು. ಅರ್ಥವಾದದ್ದಕ್ಕೇ ಸಿಟ್ಟು ಬಂತು. ಎರಡೂ ಮಗ್ಗನ್ನು ಬಚ್ಚಲಿಗೆ ಸುರಿದು, ನನ್ನ ಕೆಲಸದಲ್ಲಿ ಮೂಗು ತೂರಿಸಬೇಡ ಎಂದೆ. ಹೌದು, ಇದೇ ಶಬ್ದ ಬಳಸಿದೆ.

ಮರುದಿನದಿಂದ ಕರ್ಚೀಫುಗಳು ಬೆಳ್ಳಗೆ, ಮಡಚಿ, ಕಪಾಟಿನಲ್ಲಿ ಸಿಗತೊಡಗಿದವು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಂಕ್ರಾಂತಿ ಕಳೆದ ವಾರ, ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಮಂಗಳೂರಿನ ಒಬ್ಬ ಹುಡುಗಿ ತನ್ನ ರಂದಾ ಒಯ್ಯಲು ಬಂದಳು. ಅದನ್ನು ಗಾಜಿನ ಕಪಾಟಿನಲ್ಲಿ ಇಡದೆ ನಿಜವಾಗಿ ಕಟ್ಟಿಗೆ ಕೆತ್ತುವ ಹುಡುಗಿ, ಆದ್ದರಿಂದ ನನಗೆ ಅವಳ ಮೇಲೆ ಸ್ವಲ್ಪ ಪ್ರೀತಿ. ನಾನು ತಳದ ನೇರ ತೋರಿಸುತ್ತಿದ್ದೆ. ಅವಳು ರಂದಾ ನೋಡುತ್ತಿರಲಿಲ್ಲ.

"ಅಂಕಲ್, ನಿಮ್ಮ ಎಡದ ಕಣ್ಣು ಮುಂದೆ ಬಂದ ಹಾಗೆ ಉಂಟಲ್ಲ?"

ರಂದಾದ ತಳ ನೇರವಿದೆಯೋ ಇಲ್ಲವೋ ನೋಡುವಾಗ ನಾವು ಎಡಗಣ್ಣು ಮುಚ್ಚುತ್ತೇವೆ. ನಲವತ್ತು ವರ್ಷದ ರೂಢಿ. ಅವಳು ಹೋದ ಮೇಲೆ ಮೊದಲ ಸಲ ಎರಡೂ ಕಣ್ಣು ತೆರೆದು ತಳದ ಅಂಚು ನೋಡಿದೆ. ಒಂದು ಅಂಚಿನ ಜಾಗದಲ್ಲಿ ಎರಡು ಕಂಡವು. ಎಷ್ಟು ದಿನದಿಂದ ಹೀಗಿತ್ತೋ ದೇವರೇ ಬಲ್ಲ. ರಂದಾ ಕೆಳಗಿಟ್ಟೆ.

ಮೊದಲು ನೋಡಿದ ಡಾಕ್ಟರು ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ ಎಂದರು. ಅವರು ಕಳಿಸಿದ ದೊಡ್ಡ ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಒಬ್ಬ ಡಾಕ್ಟರಮ್ಮ ನಳಿಗೆ ತೂರಿಸಿ ನೋಡಿ, ಸ್ಕ್ಯಾನ್ ಮಾಡಿಸಿ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದಳು. ವರದಿ ಬಂದ ದಿನ ಅವಳು ಮೊದಲು ಕೇಳಿದ್ದು ಏನು ಕೆಲಸ ಮಾಡುತ್ತೀರಿ ಎಂದು. ನಾನು ಮೂರ್ಖ, ಹುರುಪಿನಿಂದ ಹೇಳಿದೆ. ಯಾವ ಯಾವ ಕಟ್ಟಿಗೆ ಎಂದಳು. ಒಂದೊಂದೇ ಹೆಸರು ಹೇಳಿದೆ, ಯಾವುದು ಯಾವ ದೇಶದ್ದು, ಯಾವುದರ ವಾಸನೆ ಹೇಗೆ ಎಂಬುದನ್ನೂ ಬಿಡಲಿಲ್ಲ. ಅವಳು ಎಲ್ಲವನ್ನೂ ಬರೆದುಕೊಂಡು, ಪೆನ್ನು ಕೆಳಗಿಟ್ಟು, ಈ ಗಟ್ಟಿ ಕಟ್ಟಿಗೆಗಳ ಪುಡಿ ವರ್ಷಗಟ್ಟಲೆ ಮೂಗಿಗೆ ಹೋದರೆ ಈ ಜಾತಿಯ ಕ್ಯಾನ್ಸರ್ ಬರುತ್ತದೆ ಎಂದಳು. ಕಣ್ಣಿಗೂ ಮೂಗಿಗೂ ನಡುವೆ ಇರುವ ತೆಳು ಎಲುಬನ್ನು ಅದು ದಾಟಿದೆ. ಆಪರೇಷನ್ನಿನಲ್ಲಿ ತೆರೆದು ನೋಡಿದ ಮೇಲೆಯೇ ಗೊತ್ತಾಗುವುದು, ಎಡಗಣ್ಣು ಉಳಿಯುತ್ತದೋ ಇಲ್ಲವೋ.

ನಾನು ವಾದ ಮಾಡಿದೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಎಂಬತ್ತು ವರ್ಷ ಬದುಕಿದ್ದ, ಅವನ ಮೂಗಿಗೇನೂ ಆಗಿರಲಿಲ್ಲ ಎಂದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ಹಿಂದಿಯಲ್ಲಿ, ಯಾರನ್ನೂ ದೂರುವ ದನಿಯಿಲ್ಲದೆ, ಆರು ತಿಂಗಳು ಮೊದಲು ಬಂದಿದ್ದರೆ ಕಣ್ಣಿನ ಮಾತೇ ಬರುತ್ತಿರಲಿಲ್ಲ ಎಂದಳು.

ಬೋನಾಲಿನಿಂದ ಸಂಕ್ರಾಂತಿಗೆ ಆರು ತಿಂಗಳು. ಅನಸೂಯಾಗೆ ಹಿಂದಿ ಚೆನ್ನಾಗಿ ಬರುತ್ತದೆ. ನನ್ನ ಪಕ್ಕದಲ್ಲೇ ಕೂತಿದ್ದಳು. ಈಗ ಅನ್ನುತ್ತಾಳೆ, ಡಾಕ್ಟರಮ್ಮನ ಎದುರಿಗೇ ಅನ್ನುತ್ತಾಳೆ ಎಂದು ನಾನು ಮೈ ಬಿಗಿಹಿಡಿದು ಕಾದೆ. ಅವಳು ಕೇಳಿದ್ದು, ಸ್ಕ್ಯಾನಿನ ಫಿಲ್ಮು ಯಾವ ಕೌಂಟರಿನಲ್ಲಿ ಕೊಡುತ್ತಾರೆ ಎಂದಷ್ಟೇ.

ಆಪರೇಷನ್ನಿಗೆ ಎರಡು ದಿನ ಮುಂಚೆ ಅವಳ ತಮ್ಮ ಮಹಾಂತೇಶ ಗದಗಿನಿಂದ ಬಂದ. ಒಳ್ಳೆಯವನು, ಆದರೆ ಬಾಯಿಗೆ ಲಗಾಮಿಲ್ಲ. ಮನೆಯಲ್ಲಿ ಯಾರೂ ಮೂಗು ಎಂಬ ಶಬ್ದ ಎತ್ತಬಾರದೆಂದು ಅನಸೂಯಾ ಅವನಿಗೆ ಮೊದಲೇ ಹೇಳಿಟ್ಟಿದ್ದಳು. ಪಾಪ, ಅವನಿಗೆ ಎಲ್ಲದಕ್ಕೂ ಮೂಗಿನ ನೇರಕ್ಕೆ ಮಾತಾಡುವವರು, ಮೂಗು ಮುರಿಯುವವರು ಅನ್ನುವುದೇ ರೂಢಿ. ಅರ್ಧಕ್ಕೆ ನಿಲ್ಲಿಸಿ, ನಾಲಿಗೆ ಕಚ್ಚಿ, ಅಕ್ಕನ ಮುಖ ನೋಡುತ್ತಿದ್ದ. ಅದನ್ನು ನೋಡಿ ನನಗೆ ನಗು ಬಂದಿತ್ತು. ಆಸ್ಪತ್ರೆಗೆ ಸೇರುವ ಬೆಳಿಗ್ಗೆ ನನಗೆ ಧೈರ್ಯ ತುಂಬಬೇಕೆಂದು ಅವನು ಹೇಳಿದ ಮಾತು ಇದು:

"ಹೆಂಗೂ ರಂದಾ ನೋಡುವಾಗ ಆ ಕಣ್ಣು ಮುಚ್ಚೇ ಇರತಿದ್ರಲ್ಲ ಮಾಮಾ."

ಅನಸೂಯಾ ಅಡುಗೆಮನೆಗೆ ಎದ್ದು ಹೋದಳು. ನಾನು ಹೌದಲ್ಲ ಎಂದೆ.

ಎಚ್ಚರವಾದಾಗ ಮುಖದ ಅರ್ಧಕ್ಕೆ ಬ್ಯಾಂಡೇಜು. ನಾನು ಮೊದಲು ಮಾಡಿದ್ದು ಎಡಗಣ್ಣು ಮುಚ್ಚಲು ನೋಡಿದ್ದು. ಮುಚ್ಚಲು ಹೊರಟರೆ ಅಲ್ಲಿ ಮುಚ್ಚಲಿಕ್ಕೆ ಏನೂ ಇರಲಿಲ್ಲ. ಯಾರೂ ನನಗೆ ಹೇಳಬೇಕಾಗಲಿಲ್ಲ. ಅನಸೂಯಾ ಕಾಲ ಹತ್ತಿರ ಕೂತು ನನ್ನ ಪಾದ ಹಿಡಿದುಕೊಂಡಿದ್ದಳು. ನಾನು ಕಾಲು ಎಳೆದುಕೊಂಡೆ. ಅವಳು ಮಾಡಿದ ತಪ್ಪೇನು ಎಂದು ಕೇಳಬೇಡಿ. ಅವಳು ಹೇಳಿದ್ದು ನಿಜವಾಗಿತ್ತು, ಅದೇ ಅವಳ ತಪ್ಪು.

ಆಮೇಲೆ ಆರು ವಾರ ಕರೆಂಟು. ರೇಡಿಯೇಷನ್ನಿಗೆ ಜನ ಹಾಗೇ ಅನ್ನುತ್ತಾರೆ, ಕರೆಂಟು ಕೊಡಿಸಲು ಬಂದೆವು ಎಂದು. ಮಲಗಿದಾಗ ತಲೆ ಅಲುಗಾಡಬಾರದೆಂದು ಜಾಲರಿಯಂಥ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಜೀವನವಿಡೀ ಅಚ್ಚಿನ ಕೆಲಸ ಮಾಡಿದವನ ಮುಖವೇ ಅಚ್ಚಾಯಿತು. ಹಣೆಯ ಹತ್ತಿರ ಸಂದು ಬಿಟ್ಟಿದೆ, ಸರಿಯಾಗಿ ಕೂತಿಲ್ಲ ಎಂದೆ. ಅಚ್ಚು ಮಾಡುತ್ತಿದ್ದವನು ನಕ್ಕ. ಆಮೇಲೆ ಬೆರಳು ಹಾಕಿ ನೋಡಿ, ನಗು ನಿಲ್ಲಿಸಿ, ಮತ್ತೊಮ್ಮೆ ಮಾಡಿದ. ಆ ಆರು ವಾರದಲ್ಲಿ ನಾನೂ ಒಬ್ಬ ಮನುಷ್ಯ ಅನ್ನಿಸಿದ್ದು ಅವತ್ತೊಂದೇ ದಿನ.

ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದ ಆ ಮನುಷ್ಯನಿಗೂ ಅದೇ ಹೊತ್ತಿಗೆ ಕರೆಂಟು. ನನ್ನ ಮುಖ ನೋಡಿದ ಮೇಲೆ ಆತ ದೂರ ಸರಿಯುವುದನ್ನು ಬಿಟ್ಟ. ಬೇಗ ಬಂದು ನನಗೊಂದು ಕುರ್ಚಿ ಹಿಡಿದಿಡುತ್ತಿದ್ದ. ಗೋಡೆಯ ಪಕ್ಕದ ಕುರ್ಚಿ, ಎಡಗಡೆಯಿಂದ ಯಾರೂ ನನ್ನನ್ನು ನೋಡದ ಹಾಗೆ. ಇಬ್ಬರೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಐದನೇ ವಾರ ಒಂದು ಸೋಮವಾರ ಆತ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ.

ಮನೆಯಲ್ಲಿ ಕಟ್ಟಿಗೆಯ ಒಂದು ಚೂರೂ ಇರಕೂಡದು ಎಂದು ಡಾಕ್ಟರಮ್ಮ ಹೇಳಿದ್ದಳು. ಕರೆಂಟು ಮುಗಿದ ಮೇಲೆ ಒಂದು ಮಧ್ಯಾಹ್ನ ಹಿಂದಿನ ಕೋಣೆ ಖಾಲಿ ಮಾಡಲು ಕೂತೆವು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೆ, ಮೊಳೆಗೆ ನೇತಾಡುತ್ತಿದ್ದದ್ದೇ. ಮಂಗಳೂರಿನ ಹುಡುಗಿ ಎಲ್ಲವನ್ನೂ ಒಯ್ಯುತ್ತೇನೆಂದಿದ್ದಳು, ಆದ್ದರಿಂದ ತುಂಡುಗಳ ಮೇಲೆ ಹೆಸರು ಬರೆಯಬೇಕಿತ್ತು. ಪುಡಿ ಹಿಡಿದು ಎಲ್ಲವೂ ಒಂದೇ ಬಣ್ಣವಾಗಿದ್ದವು. ನಾನು ಅಭ್ಯಾಸಬಲದಿಂದ ಒಂದನ್ನು ಎತ್ತಿ, ಮಾಸ್ಕ್ ಸರಿಸಿ, ಮೂಸಿದೆ. ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ಅನಸೂಯಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿ, ಕೊಕೊಬೋಲೋ ಎಂದಳು. ಮುಂದಿನದನ್ನು ಮೂಸಿ, ಬೀಟೆ ಎಂದಳು. ಹೀಗೆ ಇಡೀ ರಾಶಿ. ಮೂವತ್ತು ವರ್ಷ ನನ್ನ ಅಂಗಿ ಒಗೆದವಳು. ಒಂದೂ ತಪ್ಪಲಿಲ್ಲ.

ನನಗೆ ತಡೆಯಲಾಗಲಿಲ್ಲ.

"ಅಂದುಬಿಡು ಒಮ್ಮೆ," ಎಂದೆ.

"ಏನನ್ನಲಿ?"

"ನಾ ಹೇಳಿದ್ದೆ ಅಂತ."

ಅವಳು ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು. ಅದು ಪಡೂಕ್.

"ನಾ ಹೇಳಿದ್ದು ಒಂದ ಸಲ. ಮರುದಿನಾನೂ ನೀರು ಕೆಂಪಾತು. ಅದರ ಮರುದಿನಾನೂ. ಆರು ತಿಂಗಳು ದಿನಾ ನೋಡೀನ್ರಿ. ಎರಡನೇ ಸಲ ಹೇಳಬೇಕಿತ್ತು, ಹೇಳಲಿಲ್ಲ. ನಿಮ್ಮ ಮ್ಯಾಲಿನ ಸಿಟ್ಟಿಗೆ. ತಾನ ಬಂದು ಕೇಳಲಿ, ಅಲ್ಲೀತನಕ ನಾ ಬಾಯಿ ಬಿಡಂಗಿಲ್ಲ ಅಂತ ಕುಂತಿದ್ದೆ."

ಆಮೇಲೆ, "ಕಣ್ಣು ಹೋಗತೈತಿ ಅಂತ ಗೊತ್ತಿರಲಿಲ್ಲ," ಎಂದಳು.

ಇಂಥ ಕಡೆ ಬರೆಯುವವರು ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆಯುತ್ತಾರೆ. ನಾವು ಅಳಲಿಲ್ಲ. ನನಗೆ ಕೊಲ್ಲುವಷ್ಟು ಸಿಟ್ಟು ಬಂತು. ಆ ಪಡೂಕಿನ ತುಂಡನ್ನೇ ಎತ್ತಿ ಎಸೆದೆ. ಒಂದೇ ಕಣ್ಣಿನಲ್ಲಿ ದೂರದ ಅಂದಾಜು ಸಿಗುವುದಿಲ್ಲ, ಅದು ಅವಳ ತಲೆಯ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಅವಳು ಕದಲಲಿಲ್ಲ. ಎದ್ದು ತುಂಡು ತಂದು, ಅದರ ಮೇಲೂ ಹೆಸರು ಬರೆದು ರಾಶಿಯಲ್ಲಿಟ್ಟಳು.

ನಾಲ್ಕು ದಿನ ಮಾತಿರಲಿಲ್ಲ. ಐದನೇ ದಿನ ಬೆಳಿಗ್ಗೆ, ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ ಉಪ್ಪುನೀರಿನಿಂದ ಮೂಗು ತೊಳೆದುಕೊಂಡು, ಒರೆಸಿಕೊಂಡ ಕರ್ಚೀಫನ್ನು ನಾನೇ ಒಯ್ದು ಅವಳ ಕೈಗೆ ಕೊಟ್ಟೆ. ಅವಳು ಸ್ಟೀಲಿನ ಮಗ್ಗಿಗೆ ನೀರು ಹಿಡಿದು ಅದರಲ್ಲಿ ಅದ್ದಿದಳು. ಇಬ್ಬರೂ ಬಗ್ಗಿ ನೋಡಿದೆವು. ತಿಳಿ ಐತಿ ಎಂದಳು. ಅಂದಿನಿಂದ ದಿನವೂ ಇದೇ. ನಾವು ಒಬ್ಬರನ್ನೊಬ್ಬರು ಕ್ಷಮಿಸಿದೆವೋ ಇಲ್ಲವೋ, ಅದರ ಮಾತೇ ಎತ್ತಿಲ್ಲ. ಮಗ್ಗು ಮಾತ್ರ ಬಚ್ಚಲ ಕಟ್ಟೆಯ ಮೇಲೆ ಬೇರೆಯಾಗಿ ಇದೆ, ಅದರಲ್ಲಿ ಬೇರೇನೂ ಹಾಕುವುದಿಲ್ಲ.

ಹೀಗೆ ಒಂದು ವರ್ಷ ನಾಲ್ಕು ತಿಂಗಳಾಯಿತು. ಕನ್ನಡಕಕ್ಕೆ ಅಂಟಿಸಿದ ಒಂದು ಕೃತಕ ಕಣ್ಣು ಮಾಡಿಕೊಟ್ಟಿದ್ದಾರೆ. ಬಣ್ಣ ಸ್ವಲ್ಪ ಹೆಚ್ಚು ಕಂದು, ನಾನಾಗಿದ್ದರೆ ಇನ್ನೊಂದು ಕೈ ಉಜ್ಜುತ್ತಿದ್ದೆ. ಬೀದಿಯ ಮಕ್ಕಳಿಗೆ ರೂಢಿಯಾಗಿದೆ. ಬೇಗಂ ಬಜಾರಿನ ಇಂಗಿನ ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ. ಆತ ನನ್ನ ಮುಖ ನೋಡಿ, ಇಂಗಿನ ಡಬ್ಬಿಯೊಂದನ್ನು ಸುಮ್ಮನೆ ಕೈಗಿಟ್ಟ.

ಇದನ್ನು ಬರೆಯುತ್ತಿರುವುದು ಬುಧವಾರ. ನಾಳೆ ಒಂದು ವರದಿ ಬರಬೇಕು. ಕರೆಂಟು ಕೊಟ್ಟ ಜಾಗ ಒಣಗಿ, ಹೊಪ್ಪಳೆ ಎದ್ದು ಹೀಗಾಗುವುದುಂಟು ಎಂದು ಡಾಕ್ಟರಮ್ಮ ಹೇಳಿದ್ದಾಳೆ. ಆದರೂ ತುಣುಕು ತೆಗೆದುಕೊಂಡಿದ್ದಾಳೆ. ನಾಳೆ ಏನು ಬಂದರೂ ಈ ಬರಹ ಬದಲಾಗಬಾರದು ಎಂದು ಇವತ್ತೇ ಮುಗಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಆದದ್ದು ಇಷ್ಟು.

ಮೂಗು ತೊಳೆದು ಕರ್ಚೀಫು ಕೊಟ್ಟೆ. ಅವಳು ಮಗ್ಗಿನಲ್ಲಿ ಅದ್ದಿದಳು. ನೀರು ನಿಧಾನವಾಗಿ ಗುಲಾಬಿಯಾಯಿತು. ನಾನು ನೋಡಿದೆ, ಅವಳು ನೋಡಿದಳು. ರಕ್ತ ಗೊತ್ತಿದ್ದವಳು, ಒಂದು ವರ್ಷದಿಂದ ಕಟ್ಟಿಗೆಯ ಹಲ್ಲುಕಡ್ಡಿಯೂ ಇಲ್ಲದ ಈ ಮನೆಯಲ್ಲಿ ನನ್ನ ಮುಖ ನೋಡದೆ ಹೇಳಿದಳು:

"ಕಟ್ಟಿಗಿ ಪುಡಿ ಇರಬೇಕ್ರಿ."

ನಾನು ಅವಳ ಕೈಯಿಂದ ಮಗ್ಗು ಇಸಿದುಕೊಂಡೆ.

"ಕಟ್ಟಿಗಿ ಬಗ್ಗೆ ನಿನಗೇನು ಗೊತ್ತೈತಿ," ಎಂದೆ. "ನಡಿ, ಚಪ್ಪಲಿ ಹಾಕ್ಕೊ."